ನಿವೃತ್ತಿಯ ಹಣದಲ್ಲಿ ಕ್ವಿಯರ್ ಕಲಾಕೃತಿಗಳನ್ನು ಕೊಳ್ಳಬಹುದೇ?

ಪ್ರಶ್ನೆ: ನಾನು ಮೈಸೂರಿನ ಸರಸ್ವತಿಪುರಂನಲ್ಲಿರುವ ನಿವೃತ್ತ ಅಧ್ಯಾಪಕಿ. ನನ್ನ ಮಗ ಗೇ. ಅವನೂ ಅವನ ಸಂಗಾತಿಯೂ ಬೆಂಗಳೂರಿನಲ್ಲಿ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದಾರೆ. ಇಂದಿನ ಕ್ವಿಯರ್, ಅಂದರೆ ಗೇ, ಲೆಸ್ಬಿಯನ್, ಟ್ರಾನ್ಸ್ ಮೊದಲಾದ ಸಮುದಾಯಗಳ, ಕಲಾವಿದರ ಕೃತಿಗಳನ್ನು ನಿಧಾನವಾಗಿ ಸಂಗ್ರಹಿಸಿ, ಮುಂದೆ ಅವರಿಬ್ಬರಿಗೆ ಬಿಟ್ಟುಹೋಗಬೇಕೆಂಬ ಆಸೆ ನನಗಿದೆ. ಅದಕ್ಕಾಗಿ ಆರು ಲಕ್ಷ ರೂಪಾಯಿ ತೆಗೆದಿಟ್ಟಿದ್ದೇನೆ. ಈ ಕಲೆಯ ಬೆಲೆ ಏರುತ್ತಲೇ ಇದೆ, ಬ್ಯಾಂಕಿನ ಠೇವಣಿಗಿಂತ ಇದೇ ಲಾಭ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಅದು ನಿಜವೇ? ಮೈಸೂರಿನಲ್ಲಿದ್ದುಕೊಂಡು ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಪರಿಚಯದವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಆರು ಲಕ್ಷಕ್ಕೆ ಅದು ಅನ್ವಯಿಸುವುದಿಲ್ಲ. ಅವರು ಬಹುಶಃ ಭೂಪೇನ್ ಖಖ್ಖರ್ ಅವರಂಥವರ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿರಬೇಕು. ಬರೋಡದಲ್ಲಿ ಲೆಕ್ಕಪರಿಶೋಧಕರಾಗಿ ದುಡಿಯುತ್ತಲೇ ಚಿತ್ರ ಬರೆದ ಖಖ್ಖರ್ (1934–2003), ಗಂಡಸರ ನಡುವಿನ ಪ್ರೀತಿಯನ್ನು ಮುಚ್ಚುಮರೆಯಿಲ್ಲದೆ ಕ್ಯಾನ್ವಾಸಿಗೆ ತಂದ ಭಾರತೀಯ ಚಿತ್ರಕಾರರಲ್ಲಿ ಮೊದಲಿಗರು. ಅವರು 1982ರಲ್ಲಿ ಬರೆದ ‘ಟೂ ಮೆನ್ ಇನ್ ಬನಾರಸ್’ ಚಿತ್ರ 2019ರ ಜೂನ್‌ನಲ್ಲಿ ಲಂಡನ್ನಿನ ಸೋದೆಬೀಸ್ ಹರಾಜಿನಲ್ಲಿ 25 ಲಕ್ಷ ಪೌಂಡಿಗೆ ಮಾರಾಟವಾಯಿತು. ಕಲಾವಿದರು ತೀರಿಕೊಂಡು ಆಗಲೇ ಸುಮಾರು ಹದಿನಾರು ವರ್ಷ ಕಳೆದಿತ್ತು. ಕೃತಿ ದಶಕಗಳಿಂದ ಯುರೋಪಿನ ಒಂದು ಕುಟುಂಬದ ಸಂಗ್ರಹದಲ್ಲಿತ್ತು. ಅದಕ್ಕೆ ಮೂರು ವರ್ಷ ಮೊದಲು, 2016ರಲ್ಲಿ, ಲಂಡನ್ನಿನ ಟೇಟ್ ಮಾಡರ್ನ್ ವಸ್ತುಸಂಗ್ರಹಾಲಯ ಖಖ್ಖರ್ ಅವರ ಜೀವಮಾನದ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತ್ತು. ಇಂಥ ಬೆಲೆ ಬರುವುದಕ್ಕೆ ಸುಮಾರು ನಲವತ್ತು ವರ್ಷಗಳ ಕಾಲ, ಒಂದು ದೊಡ್ಡ ವಸ್ತುಸಂಗ್ರಹಾಲಯದ ಬೆಂಬಲ ಮತ್ತು ಮುಂದೆ ಹೊಸ ಕೃತಿ ಬರಲಾರದು ಎಂಬ ಖಚಿತತೆ, ಈ ಮೂರೂ ಒಟ್ಟಿಗೆ ಕೂಡಬೇಕಾಯಿತು. ಅವರ ಕಾಲದಲ್ಲೇ ಅಷ್ಟೇ ಧೈರ್ಯದಿಂದ ಕೆಲಸ ಮಾಡಿದ ಎಷ್ಟೋ ಕಲಾವಿದರ ಹೆಸರು ಯಾವ ಹರಾಜಿನ ಪಟ್ಟಿಯಲ್ಲೂ ಬಂದಿಲ್ಲ. ಗೆದ್ದವರ ಬೆಲೆ ಮಾತ್ರ ಸುದ್ದಿಯಾಗುವುದರಿಂದ ಮಾರುಕಟ್ಟೆ ಇಡಿಯಾಗಿ ಏರುತ್ತಿದೆ ಎಂದು ಹೊರಗಿನವರಿಗೆ ತೋರುತ್ತದೆ.

ಇತ್ತೀಚಿನ ಇನ್ನೊಂದು ಉದಾಹರಣೆ ಲಾಹೋರ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ನೆಲೆಸಿರುವ ಚಿತ್ರಕಾರ ಸಲ್ಮಾನ್ ತೂರ್ ಅವರದು. 2020ರ ಕೊನೆಯಲ್ಲಿ ಅಲ್ಲಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಅವರ ಪ್ರದರ್ಶನ ತೆರೆಯಿತು. ಅದೇ ಡಿಸೆಂಬರ್‌ನಲ್ಲಿ ಅವರ ಒಂದು ಚಿತ್ರ ಹರಾಜಿನಲ್ಲಿ ಅಂದಾಜಿನ ಐದಾರು ಪಟ್ಟು ಬೆಲೆಗೆ ಹೋಯಿತು. 2022ರ ಹೊತ್ತಿಗೆ ಇನ್ನೊಂದು ಚಿತ್ರ 15 ಲಕ್ಷ ಡಾಲರ್ ದಾಟಿತು. ಈ ಓಟದಲ್ಲಿ ಲಾಭ ಮಾಡಿಕೊಂಡವರು ವಿಟ್ನಿಗಿಂತ ಮೊದಲೇ ಕೊಂಡಿದ್ದವರು. ಹಾಗೆ ಮೊದಲೇ ಕೊಳ್ಳಬೇಕಾದರೆ ಗ್ಯಾಲರಿಯವರು ಯಾರಿಗೆ ಕೃತಿ ಕೊಡಬೇಕೆಂದು ತಾವೇ ಆರಿಸುವ ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು. ಆ ಪಟ್ಟಿಗೆ ಮೈಸೂರಿನಿಂದ ಆರು ಲಕ್ಷ ರೂಪಾಯಿ ಹಿಡಿದು ಹೋಗಲಾಗದು.

ಲೆಕ್ಕವನ್ನೇ ನೋಡಿ. ಹರಾಜಿನಲ್ಲಿ ಒಂದು ಲಕ್ಷಕ್ಕೆ ಕೂಗು ನಿಂತ ಚಿತ್ರಕ್ಕೆ ಹರಾಜು ಸಂಸ್ಥೆ ಕೊಳ್ಳುವವರಿಂದ ಶೇ 20ರ ಆಸುಪಾಸಿನಲ್ಲಿ ಶುಲ್ಕ ವಸೂಲು ಮಾಡುತ್ತದೆ. ಹೀಗಾಗಿ ತೆರಿಗೆಗೆ ಮೊದಲೇ ನಿಮ್ಮ ಕೈಯಿಂದ ಹೋಗುವುದು 1,20,000. ಮುಂದೆ ಮಾರುವಾಗ ಶೇ 10 ಕಮಿಷನ್ ಕಡಿತವಾಗುತ್ತದೆ ಎಂದಿಟ್ಟುಕೊಂಡರೆ, ಹಾಕಿದ ಹಣ ವಾಪಸು ಬರಲಿಕ್ಕೇ ಕೂಗು 1,33,000 ದಾಟಬೇಕು. ಅಂದರೆ ಬೆಲೆ ಮೂರನೇ ಒಂದು ಪಾಲು ಏರುವವರೆಗೆ ಲಾಭವೆಂಬ ಮಾತೇ ಹುಟ್ಟುವುದಿಲ್ಲ. ಗ್ಯಾಲರಿಯಲ್ಲಿ ಕೊಂಡ ಯುವ ಕಲಾವಿದರ ಕೃತಿಗಾದರೆ ಮರುಮಾರಾಟದ ಮಾರುಕಟ್ಟೆಯೇ ಬಹುಪಾಲು ಇರುವುದಿಲ್ಲ. ಚಿನ್ನದ ಬಳೆಯನ್ನು ಅಶೋಕ ರಸ್ತೆಯ ಯಾವ ಅಂಗಡಿಗೆ ಒಯ್ದರೂ ಅಂದೇ ಹಣ ಕೊಡುತ್ತಾರೆ, ಚಿತ್ರಕ್ಕೆ ಅಂಥ ಅಂಗಡಿಯಿಲ್ಲ. ಆದ್ದರಿಂದ ವೈದ್ಯಕೀಯ ಖರ್ಚಿಗೋ ಮನೆ ರಿಪೇರಿಗೋ ಬೇಕಾಗಬಹುದಾದ ಹಣ ಈ ಆರು ಲಕ್ಷದಲ್ಲಿ ಸೇರಿದ್ದರೆ ಅದನ್ನು ಠೇವಣಿಯಲ್ಲೇ ಬಿಡಿ. ಮರಳಿ ಬಾರದಿದ್ದರೂ ಚಿಂತೆಯಿಲ್ಲ ಎನ್ನುವಷ್ಟನ್ನು ಮಾತ್ರ ಇದಕ್ಕೆ ತೆಗೆಯಿರಿ.

ಹಾಗಾದರೆ ಏಕೆ ಕೊಳ್ಳಬೇಕು? ನನ್ನ ಅಭಿಪ್ರಾಯದಲ್ಲಿ ಈ ಕ್ಷೇತ್ರದಲ್ಲಿ ಸಂಗ್ರಹಕಾರರು ಮಾಡುವ ಮುಖ್ಯ ಕೆಲಸ ಕೃತಿಗಳನ್ನು ನಾಶವಾಗದಂತೆ ನೋಡಿಕೊಳ್ಳುವುದು. ನ್ಯೂಯಾರ್ಕ್‌ನ ಲೆಸ್ಲಿ-ಲೋಮನ್ ವಸ್ತುಸಂಗ್ರಹಾಲಯದ ಕಥೆ ಇದಕ್ಕೆ ಸಾಕ್ಷಿ. ಚಾರ್ಲ್ಸ್ ಲೆಸ್ಲಿ ಮತ್ತು ಫ್ರಿಟ್ಸ್ ಲೋಮನ್ ಎಂಬ ಸಂಗಾತಿಗಳು 1969ರಲ್ಲಿ ತಮ್ಮ ಮನೆಯಲ್ಲೇ ಗೇ ಕಲಾವಿದರ ಕೃತಿಗಳನ್ನು ಪ್ರದರ್ಶಿಸತೊಡಗಿದರು. 1980ರ ದಶಕದಲ್ಲಿ ಏಡ್ಸ್‌ನಿಂದ ಕಲಾವಿದರು ಒಬ್ಬೊಬ್ಬರಾಗಿ ಸಾಯತೊಡಗಿದಾಗ, ನಾಚಿಕೆಯಿಂದಲೋ ಸಿಟ್ಟಿನಿಂದಲೋ ಅವರ ಕೃತಿಗಳನ್ನು ಕುಟುಂಬದವರೇ ಎಸೆಯುತ್ತಿದ್ದ ಕಾಲದಲ್ಲಿ, ಈ ಇಬ್ಬರು ಎಷ್ಟೋ ಕೃತಿಗಳನ್ನು ಉಳಿಸಿದರು. ನಮ್ಮಲ್ಲೂ ಪರಿಸ್ಥಿತಿ ತೀರ ಬೇರೆಯೇನಲ್ಲ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನ ಹಿಡಿತವನ್ನು ದೆಹಲಿ ಹೈಕೋರ್ಟ್ 2009ರಲ್ಲಿ ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಬಿಗಿ ಮಾಡಿತು, 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ, ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲವೆಂದು ತೀರ್ಪು ಕೊಟ್ಟಿತು. ಈ ಏರಿಳಿತದ ವರ್ಷಗಳಲ್ಲಿ ಬರೆದ ಚಿತ್ರಗಳನ್ನು ಮಂಚದ ಕೆಳಗೋ ಗೆಳೆಯರ ಮನೆಯ ಅಟ್ಟದ ಮೇಲೋ ಬಚ್ಚಿಟ್ಟವರು ಕರ್ನಾಟಕದಲ್ಲೂ ಇದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿರುವ ಖಮ್ರಾ ಎಂಬ ಕ್ವಿಯರ್ ದಾಖಲೆ ಸಂಗ್ರಹ ಈ ಬಗೆಯ ನೆನಪುಗಳನ್ನು ಕಾಪಾಡುವ ಕೆಲಸದಲ್ಲಿದೆ. ನಿಮ್ಮ ಮನೆಯ ಗೋಡೆಯೂ ಅದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡಬಲ್ಲದು.

ಈ ದೃಷ್ಟಿಯಿಂದ ನೋಡಿದರೆ, ಕೃತಿಯಷ್ಟೇ ಗಮನ ಕೊಡಬೇಕಾದದ್ದು ಅದರ ಜೊತೆಗೆ ಬರುವ ಕಾಗದಪತ್ರಗಳಿಗೆ. ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ, ಏಡ್ಸ್‌ನಿಂದ ತೀರಿಕೊಂಡ ತಮ್ಮ ಸಂಗಾತಿ ರಾಸ್ ಅವರ ‘ಭಾವಚಿತ್ರ’ವೊಂದನ್ನು ರಚಿಸಿದರು. ಅದರಲ್ಲಿ ಬಣ್ಣವೂ ಇಲ್ಲ, ಕ್ಯಾನ್ವಾಸೂ ಇಲ್ಲ. ಕೋಣೆಯ ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ರಾಶಿಯಿರುತ್ತದೆ. ಅದರ ಆದರ್ಶ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ. ನೋಡಲು ಬಂದವರು ಒಂದೊಂದು ಮಿಠಾಯಿ ತೆಗೆದುಕೊಂಡು ಹೋಗಬಹುದು, ರಾಶಿ ಕರಗುತ್ತದೆ, ಮತ್ತೆ ತುಂಬಬಹುದು. ಇಂಥ ಕೃತಿಯ ಮಾಲೀಕರ ಕೈಯಲ್ಲಿ ಉಳಿಯುವುದು ಕಲಾವಿದರು ಕೊಟ್ಟ ದೃಢೀಕರಣ ಮತ್ತು ಒಡೆತನದ ಪತ್ರ. ಮಿಠಾಯಿಯನ್ನು ಯಾರು ಬೇಕಾದರೂ ಸುರಿಯಬಹುದು, ಪತ್ರವಿಲ್ಲದಿದ್ದರೆ ಅದು ಬರೀ ಮಿಠಾಯಿ. ಇದು ತುದಿಗೆ ಹೋದ ಉದಾಹರಣೆ ಎಂಬುದು ನಿಜ, ಆದರೆ ಕಾಗದದಲ್ಲಿ ಕ್ಯಾನ್ವಾಸಿನಲ್ಲಿ ಮಾಡಿದ ಕೃತಿಗೂ ನಿಯಮ ಇದೇ.

ಆದ್ದರಿಂದ ಕಲಾವಿದರ ಕೋಣೆಯಿಂದ ನೇರವಾಗಿ ಎರಡು ಸಾವಿರ ರೂಪಾಯಿಯ ಲಿನೋಕಟ್ ಅಚ್ಚುಚಿತ್ರ ಕೊಂಡರೂ ರಸೀದಿ ಕೇಳಿ ಪಡೆಯಿರಿ. ಕಲಾವಿದರ ಹೆಸರು, ಕೃತಿಯ ಹೆಸರು, ರಚಿಸಿದ ವರ್ಷ, ಅಳತೆ, ಮಾಧ್ಯಮ, ಕೊಟ್ಟ ಬೆಲೆ, ದಿನಾಂಕ, ಸಹಿ ಇವಿಷ್ಟು ಒಂದು ಹಾಳೆಯಲ್ಲಿರಲಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಮುದ್ರಣಚಿತ್ರ ಮತ್ತು ಛಾಯಾಚಿತ್ರಗಳಲ್ಲಿ ಎಡಿಷನ್ ಸಂಖ್ಯೆಯನ್ನು ನೋಡಿ. ‘3/8’ ಎಂದಿದ್ದರೆ ಎಂಟು ಪ್ರತಿಗಳಲ್ಲಿ ಇದು ಮೂರನೆಯದು, ಅವುಗಳಲ್ಲದೆ ಕಲಾವಿದರು ತಮಗಾಗಿ ಒಂದೆರಡು ಪ್ರತಿಗಳನ್ನು ಇಟ್ಟುಕೊಂಡಿರುತ್ತಾರೆ. ಅದೇ ಚಿತ್ರವನ್ನು ಬೇರೆ ಅಳತೆಯಲ್ಲಿ ಮತ್ತೊಂದು ಎಡಿಷನ್ ಆಗಿ ಮುದ್ರಿಸುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ. ಪ್ರಾಮಾಣಿಕರು ಉತ್ತರವನ್ನು ಬರೆದೇ ಕೊಡುತ್ತಾರೆ. ದಕ್ಷಿಣ ಆಫ್ರಿಕಾದ ಕಪ್ಪು ಲೆಸ್ಬಿಯನ್ ಮತ್ತು ಟ್ರಾನ್ಸ್ ಜನರ ಭಾವಚಿತ್ರಗಳನ್ನು 2006ರಿಂದ ತೆಗೆಯುತ್ತ ಬಂದ ಝನೆಲೆ ಮುಹೋಲಿ ಅವರ ಮನೆಗೆ 2012ರಲ್ಲಿ ಕಳ್ಳರು ನುಗ್ಗಿ ವರ್ಷಗಟ್ಟಲೆಯ ಕೆಲಸವಿದ್ದ ಹಾರ್ಡ್ ಡ್ರೈವ್‌ಗಳನ್ನು ಹೊತ್ತೊಯ್ದರು. ಮೂಲ ಕಡತವೇ ಹೋದಾಗ, ಕೊಂಡವರ ಮನೆಯಲ್ಲಿರುವ ಸಹಿ ಹಾಕಿದ ಪ್ರತಿಗೂ ಅದರ ಪತ್ರಕ್ಕೂ ಎಂಥ ಬೆಲೆಯಿರುತ್ತದೆ ಎಂಬುದನ್ನು ಊಹಿಸಿ.

ಕಾಗದದಲ್ಲಿ ಹೆಸರು ಬರೆಸುವ ಮಾತಿಗೆ ಇನ್ನೊಂದು ಮುಖವಿದೆ, ಮೈಸೂರಿನಂಥ ಊರಿನಲ್ಲಿ ಅದೇ ಹೆಚ್ಚು ಸೂಕ್ಷ್ಮವಾದದ್ದು. ಛಾಯಾಚಿತ್ರಕಾರ ಸುನಿಲ್ ಗುಪ್ತಾ ಅವರು 1980ರ ದಶಕದ ನಡುವಿನಲ್ಲಿ ದೆಹಲಿಯ ಗೇ ಗಂಡಸರನ್ನು ಇಂಡಿಯಾ ಗೇಟ್‌ನಂಥ ಎಲ್ಲರಿಗೂ ಗೊತ್ತಿರುವ ತಾಣಗಳಲ್ಲಿ ನಿಲ್ಲಿಸಿ ತೆಗೆದ ‘ಎಕ್ಸೈಲ್ಸ್’ ಸರಣಿಯಲ್ಲಿ ಹಲವರ ಮುಖವೇ ಕಾಣುವುದಿಲ್ಲ. ಬೆನ್ನು ಕಾಣುತ್ತದೆ, ತೋಳು ಕಾಣುತ್ತದೆ, ಮುಖ ಆಚೆ ತಿರುಗಿರುತ್ತದೆ. ಹಾಗೆ ತಿರುಗಿದ್ದು ಕಾನೂನಿನ ಭಯದಿಂದ, ಮನೆಯವರ ಭಯದಿಂದ. ಕಾನೂನು ಬದಲಾದರೂ ಮನೆಯ ಭಯ ಹಾಗೇ ಇದೆ. ನೀವು ಕೊಳ್ಳುವ ಯುವ ಕಲಾವಿದರು ಹುಣಸೂರಿನಲ್ಲೋ ಮದ್ದೂರಿನಲ್ಲೋ ಇರುವ ತಂದೆತಾಯಿಗೆ ಏನನ್ನೂ ಹೇಳಿರಲಿಕ್ಕಿಲ್ಲ. ನೀವು ಸಂತೋಷದಿಂದ ಚಿತ್ರದ ಫೋಟೊವನ್ನು ಹೆಸರು ಸಮೇತ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಅದು ಮೂರು ಕೈ ದಾಟಿ ಅವರ ಸೋದರಮಾವನ ಫೋನಿಗೆ ಬರುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ. ಆದ್ದರಿಂದ ರಸೀದಿಯಲ್ಲಿ ಯಾವ ಹೆಸರಿರಬೇಕು, ಹೊರಗೆ ಯಾವ ಹೆಸರಿನಿಂದ ಪರಿಚಯಿಸಬೇಕು, ಚಿತ್ರದಲ್ಲಿರುವ ವ್ಯಕ್ತಿ ಒಪ್ಪಿದ್ದಾರೆಯೇ ಎಂಬುದನ್ನು ಕೊಳ್ಳುವಾಗಲೇ ಮಾತಾಡಿಕೊಳ್ಳಿ. ನೀವು ಕ್ವಿಯರೇ ಎಂದು ಕಲಾವಿದರನ್ನು ಎಂದೂ ಕೇಳಬೇಡಿ, ಹೇಳುವುದು ಬಿಡುವುದು ಅವರಿಗೆ ಸೇರಿದ್ದು. ಅಪಾಯ ಕಲ್ಪಿತವೂ ಅಲ್ಲ. 2012ರ ಜನವರಿಯಲ್ಲಿ ದೆಹಲಿಯ ಲಲಿತ ಕಲಾ ಅಕಾಡೆಮಿಯಲ್ಲಿ ತಮ್ಮ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿದ್ದ ಬಲಬೀರ್ ಕ್ರಿಶನ್ ಅವರ ಮೇಲೆ ಮುಖವಾಡ ಹಾಕಿಕೊಂಡು ಬಂದವನೊಬ್ಬ ಪ್ರದರ್ಶನದ ಜಾಗದಲ್ಲೇ ಹಲ್ಲೆ ಮಾಡಿದ್ದ.

ಇನ್ನು ಎಲ್ಲಿಂದ ಆರಂಭಿಸಬೇಕು ಎಂಬುದು. ಮೊದಲ ಕೆಲವು ತಿಂಗಳು ಏನನ್ನೂ ಕೊಳ್ಳದೆ ನೋಡುತ್ತಾ ಹೋಗಿ. ನಮ್ಮ ಕಾವಾ ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿಗಳ ಪ್ರದರ್ಶನಗಳು, ಕಲಾಮಂದಿರದ ಆವರಣದ ಸುಚಿತ್ರ ಕಲಾ ಗ್ಯಾಲರಿಯ ಪ್ರದರ್ಶನಗಳು ನಿಮ್ಮ ಮನೆಯಿಂದ ಆಟೊ ದೂರದಲ್ಲಿವೆ. ಅಲ್ಲಿ ಕ್ವಿಯರ್ ಕಲೆ ಎಂಬ ಫಲಕ ಯಾರೂ ಹಾಕಿರುವುದಿಲ್ಲ. ಸಂಕೋಚದಿಂದ ಮೂಲೆಯಲ್ಲಿ ತೂಗಿರುವ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತು, ಕಲಾವಿದರೊಡನೆ ರೇಖೆಯ ಬಗ್ಗೆ ಬಣ್ಣದ ಬಗ್ಗೆ ಮಾತಾಡಿ, ಉಳಿದದ್ದು ತಾನಾಗಿ ಬಂದರೆ ಬರಲಿ. ಮಗನನ್ನು ನೋಡಲು ಬೆಂಗಳೂರಿಗೆ ಹೋದಾಗ ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವನ್ನೂ, ಜನವರಿಯಲ್ಲಾದರೆ ಕುಮಾರಕೃಪಾ ರಸ್ತೆಯ ಚಿತ್ರಸಂತೆಯನ್ನೂ ನೋಡಿ. ಟ್ರಾನ್ಸ್ ಮಹಿಳೆಯರು ಒಟ್ಟಾಗಿ ಗೋಡೆಗಳ ಮೇಲೆ ಚಿತ್ರ ಬರೆಯುವ ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್ 2024ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಎಂಬ ಅಂತಾರಾಷ್ಟ್ರೀಯ ಕಲಾಮೇಳದ ಮುಖ್ಯ ಪ್ರದರ್ಶನದಲ್ಲಿ ಗೋಡೆಚಿತ್ರ ರಚಿಸಿತ್ತು. ಇಂಥ ಗುಂಪುಗಳ ಗೋಡೆಚಿತ್ರವನ್ನು ಕೊಂಡು ಮನೆಗೆ ತರಲಾಗದು, ಆದರೆ ಮನೆಯ ಕಾಂಪೌಂಡ್ ಗೋಡೆಗೆ ಚಿತ್ರ ಬರೆದುಕೊಡಿ ಎಂದು ಇಂಥ ಕಲಾವಿದರಿಗೆ ಕೆಲಸ ಕೊಡುವುದೂ ಸಂಗ್ರಹದ ಒಂದು ಬಗೆಯೇ. ಮೊದಲ ವರ್ಷದ ಖರ್ಚು ಒಂದು ಲಕ್ಷ ಮೀರದಿರಲಿ.

ಆರಿಸುವಾಗ ಕ್ವಿಯರ್ ಜನರ ಬಗ್ಗೆ ಮಾಡಿದ ಕೃತಿಗೂ ಅವರೇ ಮಾಡಿದ ಕೃತಿಗೂ ಇರುವ ಅಂತರ ಗಮನದಲ್ಲಿರಲಿ. ಎರಡರಲ್ಲೂ ಒಳ್ಳೆಯದಿದೆ. ಛಾಯಾಚಿತ್ರಕಾರ್ತಿ ದಯನಿತಾ ಸಿಂಗ್ ದೆಹಲಿಯ ಹಿಜ್ಡಾ ಮೋನಾ ಅಹ್ಮದ್ ಅವರನ್ನು ವರ್ಷಗಳ ಸ್ನೇಹದಲ್ಲಿ ಚಿತ್ರಿಸಿ 2001ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮೋನಾ ಅವರ ಮಾತೇ ನಿರೂಪಣೆಯಾಗಿದೆ. ಆದರೆ ಸ್ನೇಹವೂ ಇಲ್ಲದೆ ಮಾತೂ ಇಲ್ಲದೆ, ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟುವವರ ಮುಖವನ್ನು ತೈಲವರ್ಣದಲ್ಲಿ ಬರೆದು ಮಾರುವವರೂ ಹೆಚ್ಚುತ್ತಿದ್ದಾರೆ. ಅಂಥದ್ದಕ್ಕೆ ಹಣ ಹಾಕಬೇಡಿ ಎಂದೇ ನನ್ನ ಸಲಹೆ. ಹಾಗೆಯೇ, ಮೈಸೂರು ಶೈಲಿಯ ಅರ್ಧನಾರೀಶ್ವರ ಚಿತ್ರವನ್ನು ಕ್ವಿಯರ್ ಕಲೆಯೆಂದು ಹೆಸರಿಸಿ ಬೆಲೆ ಏರಿಸಿ ಹೇಳುವ ವ್ಯಾಪಾರಿ ಎದುರಾದರೆ, ಆ ಚಿತ್ರ ಇಷ್ಟವಾಗಿದ್ದರೆ ಅರ್ಧನಾರೀಶ್ವರ ಚಿತ್ರದ ಬೆಲೆಗೇ ಕೊಳ್ಳಿ.

ತಂದ ಮೇಲೆ ಕೆಡದಂತೆ ಇಡುವುದು. ನಮ್ಮ ಊರಿನ ಸಾಮಾನ್ಯ ಫ್ರೇಮ್ ಅಂಗಡಿಯಲ್ಲಿ ಚಿತ್ರವನ್ನು ಗಾಜಿಗೇ ತಾಗಿಸಿ, ಹಿಂದೆ ಹಾರ್ಡ್‌ಬೋರ್ಡ್ ಕೊಟ್ಟು, ಸುತ್ತ ಕಂದು ಟೇಪ್ ಅಂಟಿಸಿ ಕೊಡುತ್ತಾರೆ. ದೇವರ ಪಟಕ್ಕೆ ಅದು ಸಾಕು. ಕಾಗದದ ಮೇಲಿನ ಕೃತಿಗೆ ಅದು ಮೆಲ್ಲಗೆ ಏರುವ ವಿಷ. ಹಾರ್ಡ್‌ಬೋರ್ಡಿನ ಆಮ್ಲ ಕೆಲವೇ ವರ್ಷಗಳಲ್ಲಿ ಕಾಗದವನ್ನು ಹಳದಿಗಟ್ಟಿಸುತ್ತದೆ, ಗಾಜಿಗೆ ತಾಗಿದ ಛಾಯಾಚಿತ್ರ ಮಳೆಗಾಲದ ತೇವಕ್ಕೆ ಗಾಜಿಗೇ ಅಂಟಿಕೊಂಡು, ಬಿಡಿಸಿದರೆ ಕಿತ್ತುಬರುತ್ತದೆ. ಆಮ್ಲರಹಿತ ಮೌಂಟ್ ಬೋರ್ಡ್ ಬೇಕೆಂದು, ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟಿನಷ್ಟಾದರೂ ಅಂತರ ಬೇಕೆಂದು, ಚಿತ್ರದ ಮೇಲೆ ಸೆಲೋಟೇಪ್ ಹಾಕಕೂಡದೆಂದು ಹೇಳಿ, ಎದುರಿಗೇ ನಿಂತು ಮಾಡಿಸಿ. ಹೊರಗೋಡೆಯ ಒಳಮೈ ಮಳೆಗಾಲದಲ್ಲಿ ತೇವ ಹೀರುವುದರಿಂದ ಚಿತ್ರಗಳನ್ನು ಒಳಗೋಡೆಗೆ, ಬಿಸಿಲು ನೇರ ಬೀಳದ ಕಡೆ ತೂಗುಹಾಕಿ. ವರ್ಷಕ್ಕೊಮ್ಮೆ ಕೆಳಗಿಳಿಸಿ ಹಿಂಬದಿಯಲ್ಲಿ ಗೆದ್ದಲಿನ ಮಣ್ಣಿನ ಗೆರೆ ಹತ್ತಿದೆಯೇ ಎಂದು ನೋಡಿ. ಹಿಂಬದಿಯಲ್ಲಿ ಕಲಾವಿದರು ಬರೆದ ಹೆಸರೋ ಪ್ರದರ್ಶನದ ಚೀಟಿಯೋ ಇದ್ದರೆ ಫ್ರೇಮ್ ಬದಲಿಸುವಾಗ ಅದನ್ನು ಕಿತ್ತುಹಾಕಲು ಬಿಡಬೇಡಿ, ಅದೂ ಕೃತಿಯ ದಾಖಲೆಯೇ.

ತೆರಿಗೆಯ ವಿಚಾರ ಸಂಕ್ಷಿಪ್ತವಾಗಿ ಹೇಳುತ್ತೇನೆ. ಮೂಲ ಚಿತ್ರ ಮತ್ತು ಶಿಲ್ಪಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ನೋಂದಣಿಯಿಲ್ಲದ ಕಲಾವಿದರಿಂದ ನೇರವಾಗಿ ಕೊಂಡರೆ ಅದೂ ಇಲ್ಲ. ಚಿತ್ರ, ಶಿಲ್ಪಗಳು ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ. ಕೊಂಡ ಬೆಲೆ ತೋರಿಸಲು ರಸೀದಿ ಇಲ್ಲದಿದ್ದರೆ ಲಾಭದ ಲೆಕ್ಕವೇ ಕಷ್ಟವಾಗುತ್ತದೆ. ಕಲಾವಿದರು ತಾವಾಗಿಯೇ ರಚಿಸಿದ ಕೃತಿಯ ಹಕ್ಕುಸ್ವಾಮ್ಯ ಮಾತ್ರ ಬರೆದುಕೊಡದ ಹೊರತು ಅವರಲ್ಲೇ ಉಳಿಯುತ್ತದೆ, ಆದ್ದರಿಂದ ನೀವು ಕೊಂಡ ಚಿತ್ರವನ್ನು ಕ್ಯಾಲೆಂಡರಿಗೆ ಅಚ್ಚು ಹಾಕಿಸುವ ಅಧಿಕಾರ ನಿಮಗೆ ಬರುವುದಿಲ್ಲ. ಮೂಲ ಕೃತಿ 10,000 ರೂಪಾಯಿಗೂ ಹೆಚ್ಚು ಬೆಲೆಗೆ ಮರುಮಾರಾಟವಾದರೆ ಅದರಲ್ಲಿ ಶೇ 10 ಮೀರದಂತೆ ಕಲಾವಿದರಿಗೆ ಪಾಲು ಸಲ್ಲಬೇಕೆಂದು ನಮ್ಮ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ 53ಎ ಎಂಬ ಕಲಮಿದೆ. ಅದು ವ್ಯವಹಾರದಲ್ಲಿ ಜಾರಿಯಾಗುವುದು ಅಪರೂಪ, ಆದರೂ ಕೊಳ್ಳುವಾಗಲೇ ಆ ಪಾಲನ್ನು ಒಪ್ಪಿ ಬರೆದುಕೊಟ್ಟರೆ ಒಳ್ಳೆಯದು. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ ಅವರ 1972ರ ಈಜುಕೊಳದ ಚಿತ್ರ ಮೊದಲು ಮಾರಾಟವಾದದ್ದು ಇಪ್ಪತ್ತು ಸಾವಿರ ಡಾಲರಿನ ಆಸುಪಾಸಿಗೆ. 2018ರಲ್ಲಿ ನ್ಯೂಯಾರ್ಕ್‌ನಲ್ಲಿ ಅದು 9 ಕೋಟಿ ಡಾಲರ್ ದಾಟಿತು, ಆದರೆ ಕಲಾವಿದರಿಗೆ ಅದರಲ್ಲಿ ಪಾಲು ಕೊಡಬೇಕೆನ್ನುವ ಕಾನೂನು ಅಲ್ಲಿಲ್ಲ. ವಿದೇಶದಿಂದ ನಗ್ನಚಿತ್ರ ತರಿಸುವ ಯೋಚನೆಯಿದ್ದರೆ ಒಂದು ಮಾತು: ಎಫ್. ಎನ್. ಸೋಜಾ ಮತ್ತು ಅಕ್ಬರ್ ಪದಮ್ಸೀ ಅವರ ಚಿತ್ರಗಳನ್ನು ಅಶ್ಲೀಲವೆಂದು ಕಸ್ಟಮ್ಸ್ ಅಧಿಕಾರಿಗಳು ತಡೆಹಿಡಿದಿದ್ದಾಗ, ನಗ್ನತೆಯೆಲ್ಲವೂ ಅಶ್ಲೀಲವಲ್ಲವೆಂದು ಬಾಂಬೆ ಹೈಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಅವುಗಳನ್ನು ಬಿಡಿಸಿತು. ತೀರ್ಪು ಕೊಳ್ಳುವವರ ಪರವಾಗಿದೆ ನಿಜ, ಆದರೆ ನಿಮ್ಮ ಬಜೆಟ್ಟಿನಲ್ಲಿ ವಕೀಲರ ಖರ್ಚಿಗೆ ಜಾಗವಿಲ್ಲ.

ಕೊನೆಯದು ನಿಮ್ಮ ಮೂಲ ಆಸೆ, ಇಬ್ಬರಿಗೂ ಬಿಟ್ಟುಹೋಗುವುದು. ಇಲ್ಲಿ ಅಲಕ್ಷ್ಯ ಮಾಡಿದರೆ ಉಳಿದೆಲ್ಲ ಶ್ರಮವೂ ವ್ಯರ್ಥ. ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಒಪ್ಪದಿದ್ದುದರಿಂದ ನಿಮ್ಮ ಮಗನ ಸಂಗಾತಿ ಕಾನೂನಿನ ಕಣ್ಣಿಗೆ ನಿಮಗೂ ನಿಮ್ಮ ಮಗನಿಗೂ ಹೊರಗಿನವರು. ನೀವು ಬದುಕಿರುವಾಗಲೇ ಅವರಿಗೆ ಚಿತ್ರಗಳನ್ನು ಉಡುಗೊರೆಯಾಗಿ ಕೊಟ್ಟರೆ, ಆ ವರ್ಷ ಅವರಿಗೆ ಬಂದ ಇಂಥ ಉಡುಗೊರೆಗಳ ಒಟ್ಟು ಮೌಲ್ಯ 50,000 ರೂಪಾಯಿ ಮೀರಿದ್ದಲ್ಲಿ ಅದನ್ನು ಅವರ ಆದಾಯವೆಂದು ಪರಿಗಣಿಸಿ ತೆರಿಗೆ ಹಾಕುತ್ತಾರೆ. ಉಯಿಲಿನ ಮೂಲಕ ಬಂದರೆ ಆ ತೆರಿಗೆಯಿಲ್ಲ. ಆದ್ದರಿಂದ ಉಯಿಲು ಬರೆಯಿರಿ. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು, ಸಂಗ್ರಹ ಪಡೆಯುವವರು ಸಾಕ್ಷಿಯಾಗದಿರುವುದು ಕ್ಷೇಮ. ನೋಂದಣಿ ಕಡ್ಡಾಯವಲ್ಲ, ಆದರೂ ಮುಂದೆ ನೆಂಟರು ತಕರಾರು ತೆಗೆಯಬಹುದೆಂಬ ಅನುಮಾನ ಇದ್ದರೆ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿ. ‘ಮನೆಯಲ್ಲಿರುವ ಚಿತ್ರಗಳೆಲ್ಲ’ ಎಂದು ಒಟ್ಟಾಗಿ ಬರೆಯದೆ, ಪ್ರತಿ ಕೃತಿಗೂ ಸಂಖ್ಯೆ ಕೊಟ್ಟು, ಫ್ರೇಮಿನ ಹಿಂದೆ ಅದೇ ಸಂಖ್ಯೆ ಬರೆದು, ಫೋಟೊ ಮತ್ತು ರಸೀದಿಯ ನಕಲಿನೊಡನೆ ಪಟ್ಟಿಯನ್ನು ಲಗತ್ತಿಸಿ, ಸಂಗಾತಿಯ ಪೂರ್ಣ ಹೆಸರನ್ನು ಸ್ಪಷ್ಟವಾಗಿ ಬರೆಯಿಸಿ. ನಿಮ್ಮ ಮಗನೂ ತನ್ನ ಉಯಿಲನ್ನು ಬರೆಯಲೇಬೇಕು. ಅವನು ಬರೆಯದೆ ಹೋದರೆ ಅವನ ಪಾಲಿಗೆ ಬಂದ ಚಿತ್ರಗಳು ಸಂಗಾತಿಗೆ ಸೇರದೆ ರಕ್ತಸಂಬಂಧಿಗಳಿಗೆ ಹೋಗುತ್ತವೆ, ಅವರಿಗೆ ಅವುಗಳ ಬಗ್ಗೆ ಯಾವ ಅಭಿಪ್ರಾಯವಿದೆಯೋ ಯಾರಿಗೆ ಗೊತ್ತು. ಇಬ್ಬರಿಗೂ ಇಟ್ಟುಕೊಳ್ಳಲಾಗದ ಸಂದರ್ಭ ಬಂದರೆ ಯಾವ ಸಂಸ್ಥೆಗೆ ಕೊಡಬೇಕೆಂಬುದನ್ನೂ ಉಯಿಲಿನಲ್ಲಿ ಸೇರಿಸಬಹುದು. ಸಂಸ್ಥೆಗಳು ಕೇಳದೆ ಬಂದ ದಾನವನ್ನು ಒಪ್ಪಲೇಬೇಕೆಂದಿಲ್ಲವಾದ್ದರಿಂದ, ಹೆಸರು ಬರೆಯುವ ಮೊದಲೇ ಅವರಿಗೆ ಪಟ್ಟಿ ಕಳಿಸಿ, ಲಿಖಿತ ಒಪ್ಪಿಗೆ ತರಿಸಿಕೊಂಡು ಅದನ್ನೂ ಅದೇ ಕಡತದಲ್ಲಿ ಇಡಿ.